ತೋಟದ ನೆರಳಲ್ಲಿ ಕ್ಯಾಮೆರಾ: ಮಲೆನಾಡಿನ ಹೊಸ ಹವ್ಯಾಸಿಗಳಿಗೆ ಒಂದು ಕೈಪಿಡಿ

ಶಿರಸಿ–ಸಿದ್ದಾಪುರ ರಸ್ತೆಯ ಕಾನಸೂರಿನ ಆಸುಪಾಸಿನಲ್ಲಿ ಹೊಸದಾಗಿ ಕ್ಯಾಮೆರಾ ಕೊಂಡವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಅಂಗಳದಲ್ಲಿ ತೆಗೆದ ಫೋಟೊ ಚೆನ್ನಾಗಿ ಬರುತ್ತದೆ. ಅಲ್ಲಿಂದ ನಾಲ್ಕು ಮೆಟ್ಟಿಲು ಇಳಿದು ಅಡಿಕೆ ತೋಟ ಹೊಕ್ಕ ಕೂಡಲೇ ಎಲ್ಲ ಕೈಕೊಡುತ್ತದೆ: ಚಿತ್ರ ಅಲುಗಿದಂತಿರುತ್ತದೆ, ಒಂದು ಕಡೆ ಸುಣ್ಣ ಬಳಿದಷ್ಟು ಬಿಳಿ, ಇನ್ನೊಂದು ಕಡೆ ಮಸಿಗಪ್ಪು, ಮನುಷ್ಯರ ಮುಖ ಹಸಿರು. ಮಳೆಗಾಲ ಮುಗಿಸಿ ಕ್ಯಾಮೆರಾ ಚೀಲ ಬಿಚ್ಚಿದರೆ ಲೆನ್ಸಿನ ಒಳಗೆ ಬೂಸಲು. ದೋಷ ಕ್ಯಾಮೆರಾದ್ದೇ ಎಂದು ತಿಳಿದು ಹೆಚ್ಚು ಬೆಲೆಯದನ್ನು ಕೊಂಡರೂ ಫಲವಿಲ್ಲ. ಬೂಸಲು ಬೆಲೆ ನೋಡಿ ಹಿಡಿಯುವುದಿಲ್ಲ.

ಛಾಯಾಗ್ರಹಣದ ಪಾಠಗಳಲ್ಲಿ ಬಹುಪಾಲು ಬಯಲು ಸೀಮೆಯ ಬಿಸಿಲನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದಂಥವು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ವರ್ಷದ ನಾಲ್ಕು ತಿಂಗಳು ಮಳೆ, ಉಳಿದ ಕಾಲ ತೋಟ ಮತ್ತು ಕಾಡಿನ ನೆರಳು. ಇಲ್ಲಿ ಕಲಿಯುವವರು ಮೊದಲು ಅರಿಯಬೇಕಾದದ್ದು ಎರಡೇ ಸಂಗತಿ: ಕಡಿಮೆ ಬೆಳಕನ್ನು ಬಳಸುವುದು ಹೇಗೆ, ತೇವದಿಂದ ಕ್ಯಾಮೆರಾ ಕಾಯುವುದು ಹೇಗೆ. ಉಳಿದದ್ದು ಇವೆರಡರ ಮೇಲೆ ನಿಂತಿದೆ.

ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಒಳ್ಳೆಯ ಪರಂಪರೆಯೇ ಇದೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಜನಜೀವನವನ್ನೂ ಟಿ.ಎನ್.ಎ. ಪೆರುಮಾಳ್ (1932–2017) ವನ್ಯಜೀವಿಗಳನ್ನೂ ಸೆರೆಹಿಡಿದವರು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಹವ್ಯಾಸಿಗಳನ್ನು ಒಂದುಗೂಡಿಸುತ್ತ ಬಂದಿದೆ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಇಂಥದೇ ಮಳೆ-ಮಂಜಿನ ನಡುವೆ ಹಕ್ಕಿಗಳ ಬೆನ್ನುಹತ್ತಿದವರು. ಆ ತಲೆಮಾರಿನ ಕೈಯಲ್ಲಿದ್ದ ಫಿಲ್ಮ್ ರೋಲಿನಲ್ಲಿ ಸಿಗುತ್ತಿದ್ದದ್ದು 36 ಚಿತ್ರ. ಒಂದೊಂದಕ್ಕೂ ದುಡ್ಡು ತೆರಬೇಕಿತ್ತಾದ್ದರಿಂದ ಗುಂಡಿ ಒತ್ತುವ ಮೊದಲು ಬೆಳಕನ್ನು ಅಳೆಯುವುದು ಅವರಿಗೆ ರೂಢಿಯಾಗಿತ್ತು. ಡಿಜಿಟಲ್ ಕ್ಯಾಮೆರಾ ಆ ಖರ್ಚನ್ನು ತಪ್ಪಿಸಿತು. ಜೊತೆಗೆ ಆ ರೂಢಿಯನ್ನೂ ತಪ್ಪಿಸಿತು.

ಬೆಳಕಿನ ಲೆಕ್ಕ

ಕ್ಯಾಮೆರಾದೊಳಗೆ ಹೋಗುವ ಬೆಳಕನ್ನು ಹಿಡಿತದಲ್ಲಿಡುವ ಕೀಲಿ ಎರಡು. ಒಂದು ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಹೊಸಬರನ್ನು ಗಲಿಬಿಲಿಗೊಳಿಸುವ ಈ ತಿರುವುಮುರುವನ್ನು ಒಮ್ಮೆ ಮನನ ಮಾಡಿಕೊಂಡರೆ ಸಾಕು. ಇನ್ನೊಂದು ಷಟರ್, ಅಂದರೆ ಬೆಳಕನ್ನು ಒಳಬಿಡುವ ಕಾಲ. ಮೂರನೆಯದಾದ ಐಎಸ್ಒ ಬೆಳಕನ್ನು ಹೆಚ್ಚಿಸುವುದಿಲ್ಲ, ಸಿಕ್ಕ ಬೆಳಕಿನ ಸಂಕೇತವನ್ನು ವರ್ಧಿಸುತ್ತದೆ. ಆದ್ದರಿಂದಲೇ ಅದನ್ನು ಏರಿಸಿದಂತೆ ಚಿತ್ರದಲ್ಲಿ ರವೆ ಚೆಲ್ಲಿದಂಥ ಕಾಳುಕಾಳು ಕಾಣುತ್ತದೆ.

ಬೆಳಕು ಎರಡು ಪಟ್ಟಾದರೆ ಅಥವಾ ಅರ್ಧವಾದರೆ ಅದನ್ನು ಒಂದು ಸ್ಟಾಪ್ ಎನ್ನುತ್ತಾರೆ. ನಿಚ್ಚಳ ಬಿಸಿಲಿಗೆ ಹಳೆಯ ಸೂತ್ರವೊಂದಿದೆ: ಐಎಸ್ಒ 100, ಎಫ್ 16, ಷಟರ್ 1/100 ಸೆಕೆಂಡು. ಅಡಿಕೆ ಒಣಗಿಸಿದ ಅಂಗಳದಲ್ಲಿ ಮಧ್ಯಾಹ್ನ ಈ ಸೂತ್ರ ಸರಿಯಾಗಿ ಕೂರುತ್ತದೆ. ಮೋಡ ಕವಿದ ದಿನ ತೋಟದ ನಡುವಿಗೆ ಹೋದರೆ ಬೆಳಕು ಅದರ ನೂರರಲ್ಲೊಂದು ಪಾಲಿಗೆ ಇಳಿಯುವುದು ಸಾಮಾನ್ಯ. ಅಂದರೆ ಏಳು ಸ್ಟಾಪಿನಷ್ಟು ಕೊರತೆ. ಎಫ್ 16ರಿಂದ ಎಫ್ 4ಕ್ಕೆ ಬಂದರೆ ನಾಲ್ಕು ಸ್ಟಾಪ್, ಐಎಸ್ಒವನ್ನು 100ರಿಂದ 800ಕ್ಕೆ ಏರಿಸಿದರೆ ಇನ್ನು ಮೂರು. ಆಗ ಷಟರನ್ನು 1/100ರಲ್ಲೇ ಉಳಿಸಿಕೊಳ್ಳಬಹುದು. ಕ್ಯಾಮೆರಾದ ಜೊತೆ ಬರುವ 18–55 ಮಿ.ಮೀ. ಲೆನ್ಸ್ ಪೂರ್ತಿ ಜೂಮ್ ಆದಾಗ ಸಾಮಾನ್ಯವಾಗಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಆಗ ಐಎಸ್ಒ 1600 ಬೇಕಾಗುತ್ತದೆ. ಇದು ಕ್ಯಾಮೆರಾದ ಸೋಲಲ್ಲ, ಲೆಕ್ಕ.

ಕಣ್ಣಿಗೆ ಇಷ್ಟೊಂದು ವ್ಯತ್ಯಾಸ ಗೊತ್ತಾಗದಿರಲು ಕಾರಣ, ಕಣ್ಣಿನ ಪಾಪೆ ಮತ್ತು ಮಿದುಳು ಕೂಡಲೇ ಹೊಂದಿಕೊಳ್ಳುತ್ತವೆ. ಆಟೊ ವಿಧಾನದ ಕ್ಯಾಮೆರಾ ಕೂಡ ಹೊಂದಿಕೊಳ್ಳುತ್ತದೆ, ಆದರೆ ಹಲವು ಸಲ ಷಟರನ್ನು 1/15, 1/10ಕ್ಕೆ ಇಳಿಸಿ ಹೊಂದಿಕೊಳ್ಳುತ್ತದೆ. ತೋಟದ ಚಿತ್ರ ಅಲುಗಿದಂತೆ ಕಾಣುವುದು ಇದರಿಂದ.

ಕೈ ನಡುಕವನ್ನು ತಪ್ಪಿಸುವ ಸ್ಥೂಲ ನಿಯಮ: ಲೆನ್ಸಿನ ಮಿ.ಮೀ. ಎಷ್ಟೋ ಷಟರ್ ಅಷ್ಟರಲ್ಲೊಂದು ಸೆಕೆಂಡಿಗಿಂತ ನಿಧಾನವಾಗಬಾರದು. 50 ಮಿ.ಮೀ. ಲೆನ್ಸಿಗೆ 1/50. ಸಣ್ಣ ಸೆನ್ಸರಿನ ಕ್ಯಾಮೆರಾಗಳಲ್ಲಿ ಅದನ್ನು ಒಂದೂವರೆ ಪಟ್ಟು ಹೆಚ್ಚಿಸಿ 1/80 ಎಂದಿಟ್ಟುಕೊಳ್ಳಬೇಕು. ಲೆನ್ಸಿನಲ್ಲಿ ಅಲುಗಾಟ ತಡೆಯುವ ಸೌಲಭ್ಯ ಇದ್ದರೆ ಇದಕ್ಕಿಂತ ಕೆಳಗೂ ಇಳಿಯಬಹುದು. ಆದರೆ ಆ ಸೌಲಭ್ಯ ತಡೆಯುವುದು ಫೋಟೊ ತೆಗೆಯುವವರ ಕೈ ನಡುಕವನ್ನು ಮಾತ್ರ. ಎದುರಿಗೆ ಓಡುವ ಕರುವನ್ನು ಅದು ನಿಲ್ಲಿಸದು. ನಡೆಯುವವರಿಗೆ 1/250, ಓಡುವ ಮಕ್ಕಳಿಗೆ 1/500, ಹಾರುವ ಹಕ್ಕಿಗೆ 1/1000ಕ್ಕಿಂತ ವೇಗ ಬೇಕು.

ತೋಟ ಮತ್ತು ಜಗಲಿ

ತೋಟದಲ್ಲಿ ಫೋಟೊ ತೆಗೆಯಲು ಅತ್ಯಂತ ಕೆಟ್ಟ ಹೊತ್ತು ಬಿಸಿಲು ಸುಡುವ ಮಧ್ಯಾಹ್ನ. ಸೋಗೆಗಳ ಸಂದಿಯಿಂದ ಇಳಿಯುವ ಬಿಸಿಲು ನೆಲದ ಮೇಲೆ, ಮೈಮೇಲೆ ಚುಕ್ಕೆಚುಕ್ಕೆಯಾಗಿ ಬೀಳುತ್ತದೆ. ಆ ಚುಕ್ಕೆಗೂ ಪಕ್ಕದ ನೆರಳಿಗೂ ಇರುವ ಅಂತರವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಶಕ್ತಿ ಬಹುತೇಕ ಕ್ಯಾಮೆರಾಗಳಿಗಿಲ್ಲ. ಮೂಗಿನ ಮೇಲೆ ಬಿಳಿ ಬೊಟ್ಟು, ಕಣ್ಣಿನ ಜಾಗದಲ್ಲಿ ಕಪ್ಪು ಹೊಂಡ. ಮೋಡದ ದಿನ, ಅಥವಾ ಮಂಜು ಇನ್ನೂ ಕರಗದ ಚಳಿಗಾಲದ ಬೆಳಗು ತೋಟಕ್ಕೆ ಹೇಳಿಮಾಡಿಸಿದ ಹೊತ್ತು. ಬೆಳಕು ಕಡಿಮೆ ಇದ್ದರೂ ಸಮನಾಗಿರುತ್ತದೆ. ಕಡಿಮೆ ಬೆಳಕಿಗೆ ಮೇಲೆ ಹೇಳಿದ ಲೆಕ್ಕದಲ್ಲಿ ಪರಿಹಾರ ಇದೆ. ಅಸಮ ಬೆಳಕಿಗೆ ಇಲ್ಲ.

ಮುಖ ಹಸಿರಾಗುವುದು ಎಲೆಗಳನ್ನು ಹಾಯ್ದು, ಎಲೆಗಳಿಗೆ ತಾಗಿ ಬರುವ ಬೆಳಕಿನಿಂದ. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ನೆರಳಿನ ಗುರುತಿಗೆ ತಿರುಗಿಸಿದರೆ ಚಿತ್ರ ಬೆಚ್ಚಗಾಗುತ್ತದೆಯೇ ಹೊರತು ಹಸಿರು ಪೂರ್ತಿ ಹೋಗುವುದಿಲ್ಲ. ಒಂದು ಬಿಳಿ ಪಂಚೆಯನ್ನೋ ಕಾಗದವನ್ನೋ ಅದೇ ಜಾಗದಲ್ಲಿ ಹಿಡಿದು, ಅದನ್ನು ಆಧಾರವಾಗಿಟ್ಟು ಕ್ಯಾಮೆರಾದ ಕಸ್ಟಮ್ ವೈಟ್ ಬ್ಯಾಲೆನ್ಸ್ ಹೊಂದಿಸುವುದು ಖಚಿತ ದಾರಿ. ಕ್ಯಾಮೆರಾ ಸಂಸ್ಕರಿಸದ ರಾ ಫೈಲ್‌ನಲ್ಲಿ ತೆಗೆದರೆ ಮನೆಗೆ ಬಂದು ಕಂಪ್ಯೂಟರಿನಲ್ಲೂ ತಿದ್ದಬಹುದು.

ಅದಕ್ಕಿಂತ ಸುಲಭ, ಮುಖದ ಚಿತ್ರಕ್ಕೆ ತೋಟವನ್ನೇ ಬಿಟ್ಟು ಜಗಲಿಗೆ ಬರುವುದು. ಹಳೆಯ ಹೆಂಚಿನ ಮನೆಯ ಜಗಲಿಗಿಂತ ಒಳ್ಳೆಯ ಸ್ಟುಡಿಯೊ ಪೇಟೆಯಲ್ಲೂ ಸಿಗುವುದು ಕಷ್ಟ. ತಗ್ಗಿದ ಸೂರು ಮೇಲಿನ ಕಡು ಬೆಳಕನ್ನು ತಡೆಯುತ್ತದೆ, ಅಂಗಳದ ಕಡೆಯಿಂದ ಮಾತ್ರ ಮೃದುವಾದ ಬೆಳಕು ಬರುತ್ತದೆ, ಹಿಂದಿನ ಗೋಡೆ ತಾನಾಗಿ ಕತ್ತಲಾಗಿರುತ್ತದೆ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿರುವ ಅಜ್ಜಿಯೊಬ್ಬರ ಚಿತ್ರ ತೆಗೆಯುವುದಾದರೆ, ಅವರು ಜಗಲಿಯ ಅಂಚಿನಿಂದ ಒಂದೆರಡು ಅಡಿ ಒಳಗೆ, ಅಂಗಳಕ್ಕೆ ಓರೆಯಾಗಿ ಕುಳಿತಿರಬೇಕು. ಆಗ ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ತಿಳಿ ನೆರಳು. ಸುಕ್ಕುಗಳು ಎದ್ದು ಕಾಣುತ್ತವೆ, ಕಣ್ಣಿನಲ್ಲಿ ಅಂಗಳದ ಬೆಳಕಿನ ಚುಕ್ಕೆ ಮಿನುಗುತ್ತದೆ. ಅವರು ಪೂರ್ತಿ ಒಳಗೆ ಸರಿದರೆ ಆ ಮಿನುಗು ಹೋಗುತ್ತದೆ, ಅಂಗಳಕ್ಕೆ ಬಂದರೆ ನೆತ್ತಿಯ ಮೇಲಿನ ಬೆಳಕು ಕಣ್ಣುಗಳನ್ನು ಮುಚ್ಚುತ್ತದೆ. ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಇರಬೇಕು, ಅಂದರೆ ತೆಗೆಯುವವರೂ ನೆಲದ ಮೇಲೆ ಕೂರಬೇಕು. ಎಫ್ 2.8ರ ಆಸುಪಾಸು, 1/125, ಬೆಳಕಿಗೆ ತಕ್ಕಂತೆ ಐಎಸ್ಒ. ಫೋಕಸ್ ಹತ್ತಿರದ ಕಣ್ಣಿನ ಮೇಲೆ. ಬೆರಳು ಮತ್ತು ಕತ್ತಿಯ ಅಲಗೇ ವಿಷಯವಾದರೆ 1/250ಕ್ಕೆ ಹೋಗುವುದು ಲೇಸು, ಪಳಗಿದ ಕೈ ಅಷ್ಟು ಬೇಗ ಓಡುತ್ತದೆ.

ಕೊನೆಕೊಯ್ಲಿನ ಚಿತ್ರಕ್ಕೆ ಎಲ್ಲರೂ ಮರದ ಬುಡದಲ್ಲಿ ನಿಂತು ಮೇಲಕ್ಕೆ ಗುರಿಯಿಡುತ್ತಾರೆ. ಹಿನ್ನೆಲೆಗೆ ಬಿಳಿ ಆಕಾಶ ಬಂದು ಮರ ಹತ್ತಿ ಕೊಯ್ಯುವ ಕೊನೆಗೌಡ ಕಪ್ಪು ನೆರಳಾಗಿ ಕಾಣುತ್ತಾನೆ. ಈ ಸೀಮೆಯ ತೋಟಗಳು ಕಣಿವೆಯಲ್ಲಿರುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ಪಕ್ಕದ ಧರೆ ಹತ್ತಿ ಬೆಟ್ಟದ ಇಳಿಜಾರಿನಲ್ಲಿ ನಿಂತರೆ ಕ್ಯಾಮೆರಾ ಹೆಚ್ಚುಕಡಿಮೆ ಮರದ ತುದಿಯ ಮಟ್ಟಕ್ಕೆ ಬರುತ್ತದೆ. ಹಿನ್ನೆಲೆಗೆ ಆಕಾಶದ ಬದಲು ಎದುರು ಬದಿಯ ಹಸಿರು ಸಿಗುತ್ತದೆ. ಮರದ ಮೇಲಿರುವವರನ್ನು ಕೂಗಿ ಈ ಕಡೆ ನೋಡಿ ಎನ್ನುವುದು ಮಾತ್ರ ಎಂದಿಗೂ ಸಲ್ಲದು. ಕೊನೆ ಇಳಿಯುವ ಹಗ್ಗದ ಕೆಳಗೆ ನಿಲ್ಲುವುದೂ ಅಪಾಯ.

ಮೀಟರ್ ಮೋಸ ಹೋಗುವ ಕಡೆಗಳು

ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರಿಗೆ ಎದುರಿರುವುದು ಬಿಳಿಯೋ ಕಪ್ಪೋ ತಿಳಿಯದು. ಕಂಡದ್ದೆಲ್ಲ ಸರಾಸರಿಗೆ ನಡು ಬೂದುಬಣ್ಣ ಎಂದೇ ಅದರ ಎಣಿಕೆ. ಹಾಗಾಗಿ ಜಲಪಾತದ ನೊರೆ, ಮಂಜು, ಬಿಳಿ ಪಂಚೆ ಇವೆಲ್ಲ ಚೌಕಟ್ಟು ತುಂಬಿದ್ದರೆ ಅದು ಬೆಳಕು ಜಾಸ್ತಿಯಾಯಿತೆಂದು ಕಡಿಮೆ ಮಾಡುತ್ತದೆ. ಮಂಜು ಕೊಳೆ ಬೂದಿಯಾಗುತ್ತದೆ. ಕಪ್ಪು ಪರದೆಯ ಮುಂದೆ ನಿಂತ ಯಕ್ಷಗಾನದ ವೇಷಕ್ಕೆ ಇದರ ತದ್ವಿರುದ್ಧ: ಕತ್ತಲನ್ನು ಬೆಳಗಿಸಲು ಹೋಗಿ ಮುಖದ ಬಣ್ಣವನ್ನೇ ಸುಟ್ಟುಬಿಡುತ್ತದೆ. ಮದ್ದು ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಕ್ಯಾಮೆರಾದ ಮೇಲಿನ ಪ್ಲಸ್-ಮೈನಸ್ ಗುಂಡಿ. ಮಂಜಿಗೆ +1, ಯಕ್ಷಗಾನಕ್ಕೆ –1ರಿಂದ ಶುರುಮಾಡಿ ಚಿತ್ರ ನೋಡಿ ಹೊಂದಿಸಿಕೊಳ್ಳಬಹುದು. ಮೊಬೈಲಿನಲ್ಲಿ ಪರದೆಯ ಮೇಲೆ ಬೆರಳಿಟ್ಟಾಗ ಕಾಣುವ ಸೂರ್ಯನ ಚಿಹ್ನೆಯನ್ನು ಮೇಲೆ ಕೆಳಗೆ ಎಳೆದರೆ ಆಗುವುದು ಇದೇ ಕೆಲಸ.

ಯಕ್ಷಗಾನ

ಸಿದ್ದಾಪುರ, ಶಿರಸಿ ಕಡೆಯ ಹವ್ಯಾಸಿಗೆ ಯಕ್ಷಗಾನಕ್ಕಿಂತ ಒಳ್ಳೆಯ ಶಾಲೆಯಿಲ್ಲ, ಅಷ್ಟೇ ಕಠಿಣವಾದದ್ದೂ ಇಲ್ಲ. ಕಡಿಮೆ ಬೆಳಕು, ವೇಗದ ಕುಣಿತ, ಕಪ್ಪು ಹಿನ್ನೆಲೆ ಮೂರೂ ಒಟ್ಟಿಗೆ ಎದುರಾಗುತ್ತವೆ.

1. ಅಪರ್ಚರ್ ಸಾಧ್ಯವಾದಷ್ಟು ತೆರೆದಿರಲಿ. ಐಎಸ್ಒ 3200ಕ್ಕೆ ಹೆದರಬೇಕಿಲ್ಲ. ಕಾಳುಕಾಳಾದ ಚಿತ್ರವನ್ನು ತಿದ್ದಬಹುದು, ಅಲುಗಿದ ಚಿತ್ರವನ್ನು ತಿದ್ದಲಾಗದು.

2. ಮಾತುಗಾರಿಕೆಯ ಹೊತ್ತಿಗೆ 1/100 ಸಾಕು. ಪ್ರವೇಶದ ಕುಣಿತಕ್ಕೆ 1/250, ಮಂಡಿ ಹಾಕಿ ಗಿರ್ರನೆ ತಿರುಗುವಾಗ 1/500 ಆದರೂ ಬೇಕು. ಅಷ್ಟು ಬೆಳಕಿಲ್ಲದ ರಂಗವಾದರೆ ಕುಣಿತದ ತುದಿಯಲ್ಲಿ, ತಾಳ ಮುಗಿದು ವೇಷ ಅರೆಕ್ಷಣ ನಿಲ್ಲುವಾಗ ಒತ್ತಬೇಕು. ಮುಕ್ತಾಯ ಯಾವಾಗ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ; ಚಂಡೆ-ಮದ್ದಲೆ ಬಲ್ಲವರ ಚಿತ್ರಗಳು ಚೆನ್ನಾಗಿರುವುದು ಸುಮ್ಮನೆ ಅಲ್ಲ.

3. ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬಂದರೆ ಅದು ದೀಪದ ಮಿಣುಕು. ನಮ್ಮಲ್ಲಿಯ ವಿದ್ಯುತ್ 50 ಹರ್ಟ್ಸ್‌ನದು. ಅಗ್ಗದ ಎಲ್ಇಡಿ, ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಷಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟೆ ಮಾಯವಾಗುತ್ತದೆ. ರಾತ್ರಿ ಅಡಿಕೆ ಸುಲಿಯುವ ಚಪ್ಪರದಲ್ಲೂ ಇದೇ ತೊಂದರೆ, ಇದೇ ಪರಿಹಾರ.

4. ಫ್ಲಾಶ್ ಬೇಡ. ಕಲಾವಿದರ ಕಣ್ಣು ಕೋರೈಸುತ್ತದೆ. ಕಿರೀಟದ ಹೊಳಪು, ಮುಖವರ್ಣಿಕೆಯ ಉಬ್ಬುತಗ್ಗು ಎಲ್ಲ ಚಪ್ಪಟೆಯಾಗುತ್ತದೆ. ಹಿಂದೆ ಕುಳಿತ ಪ್ರೇಕ್ಷಕರ ಬೈಗುಳ ಬೇರೆ.

5. ಬಣ್ಣ ಹಚ್ಚುವ ಚೌಕಿಯಲ್ಲಿ ರಂಗಸ್ಥಳಕ್ಕಿಂತ ಒಳ್ಳೆಯ ಚಿತ್ರಗಳು ಸಿಗುತ್ತವೆ. ಆದರೆ ಅದು ಕಲಾವಿದರ ಖಾಸಗಿ ಜಾಗ. ಭಾಗವತರನ್ನೋ ಮೇಳದ ವ್ಯವಸ್ಥಾಪಕರನ್ನೋ ಕೇಳಿ, ಒಪ್ಪಿದರೆ ಮಾತ್ರ ಒಳಹೋಗಬೇಕು. ಒಂದು ಮೂಲೆ ಹಿಡಿದು ಕೂತರೆ ಸ್ವಲ್ಪ ಹೊತ್ತಿನಲ್ಲಿ ಯಾರೂ ಕ್ಯಾಮೆರಾದತ್ತ ನೋಡುವುದಿಲ್ಲ.

ಹೋಳಿಯ ಹೊತ್ತಿಗೆ ಶಿರಸಿಯ ಬೀದಿಗಳಲ್ಲಿ ನಡೆಯುವ ಬೇಡರ ವೇಷಕ್ಕೂ ಈ ಲೆಕ್ಕಗಳೇ ಅನ್ವಯಿಸುತ್ತವೆ. ಜನಸಂದಣಿಯಲ್ಲಿ ಉದ್ದನೆಯ ಲೆನ್ಸ್ ಉಪಯೋಗಕ್ಕೆ ಬಾರದು, ಅಗಲ ಕೋನದ ಲೆನ್ಸ್ ಹಾಕಿಕೊಂಡು ಹತ್ತಿರ ಹೋಗುವುದೇ ಸರಿ. ಬೇಡನ ವೇಷಧಾರಿ ಅಬ್ಬರಿಸಿ ಮೇಲೆರಗಿದಾಗ ಹಿಂದೆ ಸರಿಯಲು ಜಾಗ ಇದೆಯೇ ಎಂದು ಮೊದಲೇ ನೋಡಿಕೊಂಡಿರಬೇಕು.

ಜಲಪಾತ ಮತ್ತು ಮಳೆ

ಅಘನಾಶಿನಿಯ ಉಂಚಳ್ಳಿ, ಬೇಡ್ತಿಯ ಮಾಗೋಡು, ಯಲ್ಲಾಪುರದ ಸಾತೊಡ್ಡಿ, ಸಿದ್ದಾಪುರದ ಗಡಿಯಲ್ಲಿ 253 ಮೀಟರ್ ಧುಮುಕುವ ಜೋಗ – ಹೊಸ ಕ್ಯಾಮೆರಾದ ಮೊದಲ ಪ್ರವಾಸ ಸಾಮಾನ್ಯವಾಗಿ ಇವುಗಳಲ್ಲೊಂದಕ್ಕೆ. ಜುಲೈ ತಿಂಗಳಲ್ಲಿ ಹೋಗಿ ಮಂಜಿನ ಗೋಡೆ ನೋಡಿ ಬಂದವರು ಬಹಳ. ನೀರು ತುಂಬಿರುವಾಗ ಮಂಜೂ ದಟ್ಟವಾಗಿರುತ್ತದೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ನೀರಿನ ರಭಸವೂ ಉಳಿದಿರುತ್ತದೆ, ಬಿಸಿಲೂ ಬೀಳುತ್ತದೆ. ಬೆನ್ನಿಗೆ ಬಿಸಿಲು, ಎದುರಿಗೆ ತುಂತುರು ಇದ್ದಾಗ ಮಾತ್ರ ಕಾಮನಬಿಲ್ಲು ಕಾಣುತ್ತದೆ. ಸೂರ್ಯ ಎದುರಿಗಿದ್ದರೆ ಎಷ್ಟು ಕಾದರೂ ಅದು ಬಾರದು.

ನೀರು ರೇಷ್ಮೆಯಂತೆ ಕಾಣಬೇಕಾದರೆ ಷಟರ್ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನಷ್ಟು ತೆರೆದಿರಬೇಕು. ಅದಕ್ಕೆ ಟ್ರೈಪಾಡ್, ಐಎಸ್ಒ 100, ಎಫ್ 11, ಗುಂಡಿ ಒತ್ತುವ ನಡುಕ ತಪ್ಪಿಸಲು ಎರಡು ಸೆಕೆಂಡಿನ ಟೈಮರ್ ಬೇಕು. ಹಗಲಿನ ಬೆಳಕಿಗೆ ಇದೂ ಹೆಚ್ಚಾದರೆ ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್. ಈಚೆಗೆ ಪ್ರತಿಯೊಂದು ಜಲಪಾತವನ್ನೂ ಹೀಗೆ ಹಾಲಿನ ಹೊಳೆ ಮಾಡುವ ಚಾಳಿ ಬೆಳೆದಿದೆ. ಸಾತೊಡ್ಡಿಯಂಥ ಚಿಕ್ಕ, ಅಗಲವಾದ ಧಾರೆಗೆ ಅದು ಒಪ್ಪುತ್ತದೆ. ಮಾಗೋಡಿನ ಭೋರ್ಗರೆತಕ್ಕೆ ಒಪ್ಪುವುದಿಲ್ಲ. ಅಲ್ಲಿ 1/500ರಲ್ಲಿ ನೀರಿನ ಹೊಡೆತವನ್ನು ಹಾಗೇ ಹಿಡಿದರೆ ಚಿತ್ರಕ್ಕೆ ತೂಕ ಬರುತ್ತದೆ.

ಮಳೆಗಾಲದ ಕಾಡಿಗೆ ಕೊಂಡೊಯ್ಯಬೇಕಾದ ಒಂದೇ ಫಿಲ್ಟರ್ ಎಂದರೆ ಪೋಲರೈಸರ್. ಒದ್ದೆ ಎಲೆ, ಒದ್ದೆ ಬಂಡೆಗಳ ಮೇಲಿನ ಬಿಳಿ ಹೊಳಪನ್ನು ಅದು ತೆಗೆದು ಒಳಗಿನ ಹಸಿರನ್ನು ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಆಮೇಲೆ ಮಾಡಲಾಗದ ಕೆಲಸ ಅದು. ಒಂದೂವರೆ-ಎರಡು ಸ್ಟಾಪ್ ಬೆಳಕನ್ನು ಅದು ತಿನ್ನುವುದರಿಂದ ಟ್ರೈಪಾಡ್ ಅಥವಾ ಹೆಚ್ಚಿನ ಐಎಸ್ಒ ಬೇಕಾಗುತ್ತದೆ.

ಎಚ್ಚರಿಕೆಗಳು: ಹಾವಸೆ ಹಿಡಿದ ಬಂಡೆಯ ಮೇಲೆ ಕ್ಯಾಮೆರಾದ ಪರದೆ ನೋಡುತ್ತ ಹೆಜ್ಜೆ ಇಡಬಾರದು, ಮೊದಲು ನಿಲ್ಲುವುದು, ಆಮೇಲೆ ನೋಡುವುದು. ಬಿಸಿಲಿದ್ದರೂ ಮೇಲ್ಗಡೆ ಸುರಿದ ಮಳೆಗೆ ಹೊಳೆ ಏಕಾಏಕಿ ಏರುತ್ತದೆ, ಆದ್ದರಿಂದ ಮಳೆಗಾಲದಲ್ಲಿ ನಡುಬಂಡೆಗೆ ಹೋಗಲೇಬಾರದು. ರಕ್ಷಣಾ ಬೇಲಿ ಇರುವ ಕಡೆ ಅದರಾಚೆ ಒಳ್ಳೆಯ ಕೋನ ಇದ್ದೇ ಇರುತ್ತದೆ. ಬೇಲಿ ಹಾಕಿರುವುದೂ ಅದಕ್ಕೇ. ಉಂಬಳಕ್ಕೆ ಸುಣ್ಣವೋ ಉಪ್ಪೋ ಜೊತೆಗಿದ್ದರೆ ಸಾಕು, ಆದರೆ ಆ ಕೈಯನ್ನು ತೊಳೆಯದೆ ಲೆನ್ಸ್ ಮುಟ್ಟಬಾರದು. ಮಳೆಯಲ್ಲಿ ಲೆನ್ಸ್ ಬದಲಿಸುವುದು ಬೇಡ. ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಲೆನ್ಸಿನಷ್ಟು ತೂತು ಮಾಡಿ ರಬ್ಬರ್ ಬ್ಯಾಂಡ್ ಬಿಗಿದರೆ ತುಂತುರಿಗೆ ಸಾಕಷ್ಟು ಭದ್ರವಾದ ಹೊದಿಕೆಯಾಗುತ್ತದೆ.

ದೇವಸ್ಥಾನ, ಹಕ್ಕಿ, ಅನುಮತಿ

ಬನವಾಸಿಯ ಮಧುಕೇಶ್ವರ, ಇಟಗಿಯ ರಾಮೇಶ್ವರದಂಥ ಗುಡಿಗಳ ಒಳಗೆ ಕತ್ತಲು. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತ ಅನುಮತಿ ಬೇಕು. ಅದಿಲ್ಲದಿದ್ದರೆ ಕಂಬಕ್ಕೆ ಹೆಗಲು ಒರಗಿಸಿ, ಮೊಣಕೈಗಳನ್ನು ಎದೆಗೆ ಒತ್ತಿ, ಉಸಿರು ಬಿಟ್ಟು ನಿಧಾನ ಗುಂಡಿ ಒತ್ತುವುದೇ ಉಪಾಯ. ಗರ್ಭಗುಡಿಯ ಫೋಟೊವನ್ನು ಅರ್ಚಕರು ಒಪ್ಪದೆ ತೆಗೆಯಬಾರದು. ಕೆತ್ತನೆಗಳಿಗೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ನೆತ್ತಿಯ ಸೂರ್ಯನಿಗೆ ಅದೇ ಶಿಲ್ಪ ಸಪ್ಪೆಯಾಗಿ ಕಾಣುತ್ತದೆ. ಶಾಲ್ಮಲೆಯ ಸಹಸ್ರಲಿಂಗಗಳಿಗೂ ಇದೇ ಮಾತು. ಮಳೆಗಾಲದಲ್ಲಿ ಅವು ನೀರಿನಡಿ ಇರುತ್ತವೆ, ಹೋಗುವುದಾದರೆ ಚಳಿಗಾಲದ ನಂತರ.

ಹಕ್ಕಿಗಳನ್ನು ಕಲಿಯಲು ಮನೆಯ ಹಿತ್ತಿಲೇ ಆರಂಭ. ಬಾಳೆ ಹೂವಿಗೆ ಬರುವ ಸೂರಕ್ಕಿಗೆ ಹತ್ತಿರದಲ್ಲೇ ಕಾಯ್ದು ಕೂರಬಹುದು. ಆಮೇಲೆ ಸೊರಬದ ಗುಡವಿ, ಮುಂಡಗೋಡದ ಅತ್ತಿವೇರಿ ಪಕ್ಷಿಧಾಮಗಳಿವೆ. ಗೂಡಿನ ಹತ್ತಿರ ಹೋಗುವುದು, ಎಲೆ ಸರಿಸಿ ಮರಿಗಳನ್ನು ತೋರುವಂತೆ ಮಾಡುವುದು, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಮೂರೂ ನಿಷಿದ್ಧವೆಂದೇ ತಿಳಿಯಬೇಕು. ಎಲೆ ಸರಿದ ಗೂಡು ಕಾಗೆ, ಹಾವುಗಳಿಗೆ ಕಾಣುತ್ತದೆ. ಹೆದರಿದ ತಾಯಿಹಕ್ಕಿ ಗೂಡನ್ನೇ ತೊರೆಯಬಹುದು. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೆ ಫೋಟೊದ ಆಸೆಗೆ ಬಾಳೆಹಣ್ಣು ಎಸೆಯುವುದೂ ಅಷ್ಟೇ ಕೆಟ್ಟದ್ದು. ರಸ್ತೆಗೆ ಇಳಿಯುವ ಚಟ ಹತ್ತಿದ ಮಂಗ ವಾಹನಕ್ಕೆ ಸಿಗುತ್ತದೆ. ಅಭಯಾರಣ್ಯದೊಳಗೆ ಫೋಟೊ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಕೇಳಿಕೊಳ್ಳಬೇಕು.

ಮನುಷ್ಯರ ವಿಷಯದಲ್ಲಿ ಕೇಳಿ ತೆಗೆಯುವುದೇ ಕ್ರಮ. ಸೀಗೆ ಹುಣ್ಣಿಮೆಗೆ ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದನ್ನಾಗಲಿ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಕುಣಿತವನ್ನಾಗಲಿ ತೆಗೆದವರು ಆ ಚಿತ್ರದ ಒಂದು ಪ್ರತಿ ಅಚ್ಚು ಹಾಕಿಸಿ ಮನೆಯವರಿಗೆ ತಲುಪಿಸಬೇಕು. ಮರುವರ್ಷ ಆ ಮನೆಗೆ ಹೋದಾಗ ಬಾಗಿಲಲ್ಲೇ ನಿಲ್ಲಿಸುವವರು ಇರುವುದಿಲ್ಲ.

ಸಾಮಾನ್ಯ ತಪ್ಪುಗಳು

ಮೊಬೈಲಿನ ಲೆನ್ಸ್ ಒರೆಸದೆ ತೆಗೆಯುವುದು. ಕಿಸೆಯಲ್ಲಿ ಬೆರಳ ಜಿಡ್ಡು ಮೆತ್ತಿದ ಲೆನ್ಸಿಗೆ ದೀಪಗಳೆಲ್ಲ ಮಂಜುಮಂಜು. ಹತ್ತಿ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಅರ್ಧ ತೊಂದರೆ ತೀರುತ್ತದೆ.

ಬೆರಳಿನಿಂದ ಹಿಗ್ಗಿಸುವ ಡಿಜಿಟಲ್ ಜೂಮ್. ಹೆಚ್ಚಿನ ಫೋನ್‌ಗಳಲ್ಲಿ ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡುವುದಷ್ಟೆ.

ಮೆಗಾಪಿಕ್ಸೆಲ್ ಹಿಂದೆ ಬೀಳುವುದು. ಎ4 ಅಳತೆಯ ಒಳ್ಳೆಯ ಅಚ್ಚಿಗೆ 2480 × 3508, ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್ ಸಾಕು. 12 ಮೆಗಾಪಿಕ್ಸೆಲ್‌ನ ಹಳೆಯ ಕ್ಯಾಮೆರಾಕ್ಕೂ ಅದು ಎಟಕುತ್ತದೆ.

ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸುವುದು. ಅಲ್ಲಿ ಹೋದ ಚಿತ್ರ ಕುಗ್ಗಿ ಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮಾತ್ರ ಮೂಲದಂತೆ ತಲುಪುತ್ತದೆ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ ಇರಲೇಬೇಕು.

ತಿದ್ದುವ ಭರದಲ್ಲಿ ಹಸಿರನ್ನು ಗಿಳಿಹಸಿರು ಮಾಡುವುದು. ಮಲೆನಾಡಿನ ಹಸಿರಿನಲ್ಲಿ ಕಪ್ಪು, ಕಂದು, ಬೂದು ಬೆರೆತಿದೆ. ಬಣ್ಣದ ಗುಂಡಿ ಬಲಕ್ಕೆ ಎಳೆದಷ್ಟೂ ಅವು ಸಾಯುತ್ತವೆ.

ತೇವ ಮತ್ತು ಬೂಸಲು

ಲೆನ್ಸಿನ ಬೂಸಲಿಗೆ ಬೇಕಾದ್ದು ಮೂರು: ತೇವ, ಕತ್ತಲು, ಅಲುಗದ ಗಾಳಿ. ಜೂನ್‌ನಲ್ಲಿ ಚೀಲದೊಳಗಿಟ್ಟು ಸೆಪ್ಟೆಂಬರ್‌ನಲ್ಲಿ ತೆರೆಯುವ ಕ್ಯಾಮೆರಾಕ್ಕೆ ಮೂರೂ ಧಾರಾಳ. ಗಾಳಿಯ ತೇವಾಂಶ ಶೇ 60 ದಾಟಿ ಬಹಳ ದಿನ ನಿಂತರೆ ಬೂಸಲು ಬೇರೂರುತ್ತದೆ. ಗಾಜಿನ ಮೇಲಿನ ತೆಳು ಲೇಪವನ್ನು ಅದರ ಆಮ್ಲ ತಿಂದ ಮೇಲೆ ಒರೆಸಿದರೂ ಕಲೆ ಉಳಿಯುತ್ತದೆ. ಶೇ 40ರಿಂದ 50ರ ತೇವಾಂಶ ಸುರಕ್ಷಿತ. ತೀರ ಒಣಗಿಸುವುದೂ ಒಳಗಿನ ರಬ್ಬರ್, ಎಣ್ಣೆಗಳಿಗೆ ಒಳ್ಳೆಯದಲ್ಲ.

1. ಕ್ಯಾಮೆರಾ, ಲೆನ್ಸುಗಳನ್ನು ಚೀಲದಿಂದ ಹೊರತೆಗೆದು ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬೇಕು. ಬಟ್ಟೆಯ, ಚರ್ಮದ ಚೀಲ ತೇವವನ್ನು ಹೀರಿ ಹಿಡಿದಿಡುತ್ತದೆ.

2. ಡಬ್ಬಿಯೊಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಹೈಗ್ರೊಮೀಟರ್. ನೀಲಿ ಹರಳು ಗುಲಾಬಿಯಾದರೆ, ಕಿತ್ತಳೆ ಹರಳು ಹಸಿರಾದರೆ ಅದರ ಹೊಟ್ಟೆ ತುಂಬಿದೆ ಎಂದರ್ಥ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಕಿತ್ತಳೆಯದನ್ನು ಆರಿಸುವುದು ಮೇಲು. ಹರಳನ್ನು ಸಣ್ಣ ಉರಿಯಲ್ಲಿ, ಅಡುಗೆಗೆ ಬಳಸದ ಬಾಣಲೆಯಲ್ಲಿ ಹುರಿದರೆ ಬಣ್ಣ ಮರಳುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಬೇಕು.

3. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದು ಬೇಡ, ಹಿಟ್ಟಿನ ಧೂಳು ಒಳಸೇರುತ್ತದೆ. ಬಚ್ಚಲೊಲೆ, ಅಡುಗೆ ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಅಲ್ಲಿಯ ಹೊಗೆ, ಜಿಡ್ಡು ಗಾಜಿಗೆ ಹತ್ತುತ್ತದೆ.

4. ವಾರಕ್ಕೊಮ್ಮೆಯಾದರೂ ಹೊರತೆಗೆದು ಬಳಸಬೇಕು. ಮಳೆ ಹೊಳವಾದ ದಿನ ಲೆನ್ಸನ್ನು ಅರ್ಧ ಗಂಟೆ ಬೆಳಕಿಗೆ ಇಡುವುದು ಒಳ್ಳೆಯದು; ಸೂರ್ಯನತ್ತ ನೇರ ಮುಖ ಮಾಡಿ ಮಾತ್ರ ಅಲ್ಲ.

5. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆರೆದರೆ ತಣ್ಣನೆಯ ಗಾಜಿನ ಮೇಲೆ ಹೊರಗಿನ ತೇವ ಹನಿಗಟ್ಟುತ್ತದೆ. ಅರ್ಧ ಗಂಟೆ ಚೀಲದಲ್ಲೇ ಬಿಟ್ಟು ಹೊರಗಿನ ಬಿಸಿಗೆ ಹೊಂದಲು ಬಿಡಬೇಕು.

6. ತಿಂಗಳಿಗೊಮ್ಮೆ ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಬೆಳಕು ಹಾಯಿಸಿ ಇನ್ನೊಂದು ತುದಿಯಿಂದ ಇಣುಕಬೇಕು. ಜೇಡನ ಬಲೆಯಂಥ ಎಳೆ ಕಂಡರೆ ಅದು ಬೂಸಲು. ಸ್ವತಃ ಬಿಚ್ಚದೆ ರಿಪೇರಿಯವರಿಗೆ ಕೊಡುವುದು, ಉಳಿದ ಲೆನ್ಸುಗಳಿಂದ ಅದನ್ನು ಬೇರೆ ಇಡುವುದು ಕ್ಷೇಮ.

ಏನನ್ನು ಮೊದಲು ಕೊಳ್ಳಬೇಕು

ಅಂಗಡಿಯವರು ಮೊದಲು ತೋರಿಸುವುದು ಉದ್ದನೆಯ ಜೂಮ್ ಲೆನ್ಸ್. ಮಲೆನಾಡಿನವರು ಮೊದಲು ಕೊಳ್ಳಬೇಕಾದದ್ದು ಡಬ್ಬಿ, ಸಿಲಿಕಾ ಜೆಲ್ ಮತ್ತು ಹೈಗ್ರೊಮೀಟರ್. ಅವುಗಳ ಬೆಲೆ ಒಂದು ಲೆನ್ಸ್ ಶುಚಿ ಮಾಡಿಸುವ ಖರ್ಚಿಗಿಂತ ಕಡಿಮೆ. ಎರಡನೆಯದು 50 ಮಿ.ಮೀ. ಎಫ್ 1.8 ಲೆನ್ಸ್. ಎಫ್ 5.6ರ ಜೂಮಿಗೆ ಹೋಲಿಸಿದರೆ ಇದು ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಜಗಲಿಗೂ ಯಕ್ಷಗಾನಕ್ಕೂ ಒದಗುತ್ತದೆ, ಹೆಚ್ಚಿನ ಕಂಪನಿಗಳಲ್ಲಿ ಅತ್ಯಂತ ಅಗ್ಗದ ಲೆನ್ಸುಗಳಲ್ಲಿ ಇದೂ ಒಂದು. ಮೂರನೆಯದು ಗಟ್ಟಿಯಾದ ಟ್ರೈಪಾಡ್, ನಾಲ್ಕನೆಯದು ಪೋಲರೈಸರ್. ಕ್ಯಾಮೆರಾ ಹಳೆಯದಾದರೂ ಅಡ್ಡಿಯಿಲ್ಲ, ಸೆಕೆಂಡ್‌ಹ್ಯಾಂಡ್ ಆದರೂ ಆದೀತು. ಆದರೆ ಸೆಕೆಂಡ್‌ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಅಂಗಡಿಯಲ್ಲೇ ಟಾರ್ಚ್ ಹಾಯಿಸಿ ನೋಡಬೇಕು, ಕರಾವಳಿ ಅಥವಾ ಘಟ್ಟದ ಸೀಮೆಯಿಂದ ಬಂದದ್ದಾದರೆ ಎರಡು ಸಲ. ಉದ್ದನೆಯ ಜೂಮ್ ಲೆನ್ಸಿನ ಯೋಚನೆಯನ್ನು ಒಂದು ಮಳೆಗಾಲ ಕಳೆಯುವವರೆಗೆ ಮುಂದೂಡಬಹುದು.